ಊರೇ ಕಕ್ಷಿದಾರ

ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ವಕೀಲ ಏನಾದ ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ಅವನು ಮಹಡಿ ಮನೆ ಕಟ್ಟಿಸಿದ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ಬಿಟ್ಟಿರಬೇಕು. ಈ ಲೋಕಜ್ಞಾನವನ್ನು ಸುಳ್ಳು ಮಾಡಲೆಂದೇ ಸನದು ಪಡೆದಂತಿದ್ದ ವಕೀಲರೊಬ್ಬರು ಹತ್ತೊಂಬತ್ತನೆಯ ಶತಮಾನದ ಪುಣೆಯಲ್ಲಿದ್ದರು. ಗಣೇಶ ವಾಸುದೇವ ಜೋಶಿ ಎಂದು ಅವರ ಹೆಸರು.

ಜೋಶಿಯವರು ಹುಟ್ಟಿದ್ದು 1828ರಲ್ಲಿ, ಸಾತಾರಾದಲ್ಲಿ. ಪೇಶ್ವೆಗಳ ಆಳಿಕೆ ಮುಗಿದು ಆಗ ಹತ್ತು ವರ್ಷ. ಪುಣೆಗೆ ಬಂದು ನಾಜರ್ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದರು, ಅದು ಒಗ್ಗಲಿಲ್ಲ, ಕಾನೂನು ಓದಿಕೊಂಡು ವಕೀಲರಾದರು. ಕಸುಬಿಗೆ ಅದಕ್ಕಿಂತ ಒಳ್ಳೆಯ ಊರು ಸಿಗುತ್ತಿರಲಿಲ್ಲ. ಅಧಿಕಾರ ಹೋಗಿತ್ತು, ದರ್ಬಾರಿನ ಗತ್ತು ಹೋಗಿರಲಿಲ್ಲ. ವತನ, ಇನಾಮು, ವಾಡೆಯ ಹಿಸ್ಸೆ, ಗುಡಿಯ ಪೂಜೆಯ ಪಾಳಿ ಎಲ್ಲಕ್ಕೂ ತಕರಾರಿತ್ತು. ಸುಮ್ಮನೆ ಚಾವಡಿಯಲ್ಲಿ ಕೂತಿದ್ದರೂ ಕಕ್ಷಿದಾರರು ದಫ್ತರದ ಗಂಟು ಹೊತ್ತು ಬರುತ್ತಿದ್ದರು. ಜೋಶಿಯವರು ಸುಮ್ಮನೆ ಕೂರಲಿಲ್ಲ ಎಂಬುದೇ ತೊಂದರೆ.

ಪಾರ್ವತಿ ಗುಡ್ಡದ ದೇವಸ್ಥಾನದ ಆಡಳಿತ ಸರಿಯಿಲ್ಲವೆಂದು ಊರಲ್ಲಿ ಗುಸುಗುಸು ಎದ್ದಿತ್ತು. ಅರ್ಜಿ ಕೊಡಬೇಕಾದರೆ ನಮ್ಮ ಪರವಾಗಿ ಮಾತಾಡುವವರು ಯಾರು ಎಂಬ ಪ್ರಶ್ನೆ ಬಂತು. ಗುಡಿಯ ಲೆಕ್ಕದಿಂದ ಶುರುವಾದ ಮಾತು ಸರಕಾರದ ಲೆಕ್ಕದವರೆಗೂ ಹೋಯಿತು. 1870ರ ಏಪ್ರಿಲ್ 2ರಂದು ಪುಣೆ ಸಾರ್ವಜನಿಕ ಸಭೆ ಹುಟ್ಟಿತು. ಅದರ ನಿಯಮ ಕೇಳಿದರೆ ಕಟ್ಟಿದವರು ವಕೀಲರೇ ಎಂದು ಕಣ್ಣುಮುಚ್ಚಿ ಹೇಳಬಹುದು. ಸದಸ್ಯನಾಗಬೇಕಾದವನು ಕಡಿಮೆಯೆಂದರೆ ಐವತ್ತು ಜನರಿಂದ ಮುಖ್ತ್ಯಾರನಾಮೆ ಬರೆಸಿಕೊಂಡು ಬರಬೇಕು! ಹಾಗೆ ಸುಮಾರು 6,000 ಜನರ ಪರವಾಗಿ 95 ಮಂದಿ ಬಂದು ಕೂತರು. ಕಾಂಗ್ರೆಸ್ಸು ಹುಟ್ಟುವುದಕ್ಕೆ ಇನ್ನೂ ಹದಿನೈದು ವರ್ಷವಿತ್ತು. ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ನೀರಿನ ಟ್ಯಾಂಕು ತೊಳೆಸುವ ಠರಾವಿಗೆ ಒಂಬತ್ತು ಸಹಿ ಬೀಳಬೇಕಾದರೆ ಕಾರ್ಯದರ್ಶಿ ಲಿಫ್ಟಿನ ಬಾಗಿಲಲ್ಲಿ ಹೊಂಚು ಹಾಕಬೇಕು. ಆ 6,000ದ ಬೆಲೆ ನಮ್ಮ ಕಾರ್ಯದರ್ಶಿಗೆ ಗೊತ್ತು.

ಮರುವರ್ಷ ಮಹಾದೇವ ಗೋವಿಂದ ರಾನಡೆ ನ್ಯಾಯಾಧೀಶರಾಗಿ ಪುಣೆಗೆ ಬಂದರು. ಸಭೆಗೆ ತಲೆ ಸಿಕ್ಕಿತು. ಕೈಕಾಲು ಜೋಶಿಯವರೇ ಆಗಿದ್ದರು. ಊರವರು ಅವರನ್ನು ‘ಸಾರ್ವಜನಿಕ ಕಾಕಾ’ ಎಂದು ಕರೆಯತೊಡಗಿದರು. ಇದು ಬಿರುದೇನೋ ಹೌದು. ಆದರೆ ಊರೆಲ್ಲ ಕಾಕಾ ಅಂದ ಮೇಲೆ ಊರಿನವರು ಯಾರು ಎಷ್ಟು ಹೊತ್ತಿಗೆ ಬಂದರೂ ಅಣ್ಣನ ಮಕ್ಕಳೇ. ಅಣ್ಣನ ಮಕ್ಕಳಿಗೆ ಫೀಸಿನ ಚೀಟಿ ಕೊಟ್ಟ ಚಿಕ್ಕಪ್ಪ ಲೋಕದಲ್ಲಿ ಯಾರಿದ್ದಾರೆ?

ಒಲೆಯ ಮುಂದೆ ಇದರ ಲೆಕ್ಕ ಬೀಳುತ್ತಿದ್ದುದು ಸರಸ್ವತೀಬಾಯಿಯವರಿಗೆ. ಗಂಡನ ಸಾರ್ವಜನಿಕ ಹುಚ್ಚಿಗೆ ತಲೆ ಚಚ್ಚಿಕೊಂಡು ಕೂರುವ ಹೆಂಡತಿಯಾಗಿದ್ದರೆ ಪ್ರಬಂಧಕಾರರಿಗೆ ಬಹಳ ಅನುಕೂಲವಾಗುತ್ತಿತ್ತು. ಆಕೆ ಅದಕ್ಕೆ ಆಸ್ಪದ ಕೊಡದೆ, 1870ರ ದಶಕದ ಮೊದಲಲ್ಲೇ ತಾವೂ ಒಂದು ಸಭೆ ಕಟ್ಟಿದರು: ಸ್ತ್ರೀ ವಿಚಾರವತೀ ಸಭೆ. ಅರಿಸಿನ ಕುಂಕುಮಕ್ಕೆ ಎಲ್ಲ ಜಾತಿಯ ಹೆಂಗಸರನ್ನೂ ಕರೆದರು. ಇಂದಿಗೂ ಅರಿಸಿನ ಕುಂಕುಮದ ಆಮಂತ್ರಣ ಯಾವ ಬಾಗಿಲಿಗೆ ಹೋಗುತ್ತದೆ, ಯಾವ ಬಾಗಿಲನ್ನು ದಾಟಿಕೊಂಡು ಹೋಗುತ್ತದೆ ಎಂದು ನೋಡಿದವರಿಗೆ ಇದು ಗಂಡನ ಮುಖ್ತ್ಯಾರನಾಮೆಗಿಂತ ಸಣ್ಣ ಕೆಲಸವಲ್ಲ ಎಂದು ತಿಳಿಯುತ್ತದೆ.

ಇಷ್ಟು ಸಾಲದೆಂದು ಕಾಕಾ 1872ರಲ್ಲಿ ಸ್ವದೇಶಿ ಬಟ್ಟೆಯ ವ್ರತ ಹಿಡಿದರು. ತಾವೇ ನೂತ ನೂಲಿನ ಬಟ್ಟೆ ತೊಟ್ಟರು. ಗಾಂಧೀಜಿಗೆ ಆಗಿನ್ನೂ ಮೂರರ ಸುಮಾರು. ದೇಶಿ ಸರಕಿನ ಅಂಗಡಿಗಳನ್ನೂ ತೆರೆಸಿದರು. ವಕೀಲರು ವ್ಯಾಪಾರಕ್ಕಿಳಿದರೆ ಆಗುವ ಲಾಭವನ್ನು ಇಲ್ಲಿ ವಿವರಿಸುವುದು ಬೇಡ. 1877ರ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರಲು ದೆಹಲಿಯಲ್ಲಿ ದರ್ಬಾರು ನಡೆಯಿತು. ಅದೇ ಹೊತ್ತಿಗೆ ನಮ್ಮ ಕಲಾದಗಿ, ಧಾರವಾಡ, ಮೈಸೂರು ಸೀಮೆಗಳಲ್ಲಿ ಧಾತು ಈಶ್ವರ ಬರ ಜನರನ್ನು ನುಂಗುತ್ತಿತ್ತು. ರಾಜರು ಮಹಾರಾಜರು ರತ್ನ ಹೊತ್ತು ಬಂದಲ್ಲಿಗೆ ಕಾಕಾ ಒರಟು ಬಿಳಿ ಖಾದಿಯಲ್ಲಿ ಹೋದರು. ಬ್ರಿಟಿಷ್ ಪ್ರಜೆಗಳಿಗಿರುವ ಸ್ಥಾನವೇ ಭಾರತದ ಪ್ರಜೆಗಳಿಗೂ ಇರಲಿ ಎಂಬ ಸಭೆಯ ಮನವಿ ಜೊತೆಗಿತ್ತು. ಸಭ್ಯವಾದ ಭಾಷೆಯಲ್ಲಿ ಹೂಡಿದ ದೊಡ್ಡ ದಾವೆ ಅದು. ತೀರ್ಪು ಬರಲು 70 ವರ್ಷ ಹಿಡಿಯಿತು. ನಮ್ಮ ಸಿವಿಲ್ ಕೋರ್ಟುಗಳ ಅಳತೆಯಲ್ಲಿ ಅದೇನೂ ವಿಳಂಬವಲ್ಲ.

ಇವರ ಇನ್ನೊಂದು ಪರಾಕ್ರಮ ಲವಾದ್ ಕೋರ್ಟು. ಜನ ಕಚೇರಿಗೆ ದುಡ್ಡು ಸುರಿಯುವ ಬದಲು ಹಿರಿಯರ ಮುಂದೆ ಕೂತು ರಾಜಿಯಾಗಲಿ ಎಂದು ರಾನಡೆ ಮತ್ತು ಕಾಕಾ ಸೇರಿ ನಡೆಸಿದ ಪಂಚಾಯಿತಿ. ಒಬ್ಬರು ನ್ಯಾಯಾಧೀಶರು, ಒಬ್ಬರು ವಕೀಲರು. ಇಬ್ಬರೂ ಸೇರಿ ಕೋರ್ಟಿಗೆ ಹೋಗಬೇಡಿರಪ್ಪಾ ಅನ್ನುವುದು! ರಾನಡೆಯವರಿಗಾದರೆ ತಿಂಗಳ ಸಂಬಳವಿತ್ತು.

1879ರಲ್ಲಿ ವಾಸುದೇವ ಬಲವಂತ ಫಡಕೆಯ ಪ್ರಕರಣ ಬಂತು. ಮಿಲಿಟರಿ ಲೆಕ್ಕಪತ್ರ ಕಚೇರಿಯ ಗುಮಾಸ್ತ, ಬರ ಕಂಡು ಸಿಡಿದು, ರಾಮೋಶಿ ಪಂಗಡದವರನ್ನು ಕಟ್ಟಿಕೊಂಡು ದಂಗೆ ಎದ್ದಿದ್ದರು. ಆ ಜುಲೈನಲ್ಲಿ ಸಿಕ್ಕಿಬಿದ್ದದ್ದು ನಮ್ಮ ಕಲಾದಗಿ ಜಿಲ್ಲೆಯ ದೇವರನಾವದಗಿಯಲ್ಲಿ. ರಾಜದ್ರೋಹಿಯ ಪರ ನಿಂತರೆ ಸರಕಾರದ ಕಣ್ಣು ತನ್ನ ಮೇಲೂ ಬೀಳುತ್ತದೆ ಎಂದು ತಿಳಿದೂ ಕಾಕಾ ವಕಾಲತ್ತು ಹಿಡಿದರು. ಕಕ್ಷಿದಾರ ಮಾತ್ರ ವಕೀಲರ ಪಾಲಿನ ದುಃಸ್ವಪ್ನ: ತಾನು ಮಾಡಿದ್ದನ್ನೆಲ್ಲ ಸ್ವಹಸ್ತದಲ್ಲಿ ದಿನಚರಿಯಾಗಿ ಬರೆದಿಟ್ಟಿದ್ದ ಮನುಷ್ಯ. ಸಾಕ್ಷಿ ಹೇಳಲು ಬೇರೆ ಯಾರೂ ಬೇಕಾಗಲಿಲ್ಲ. ಜೀವಾವಧಿ ಶಿಕ್ಷೆಯಾಗಿ ಫಡಕೆ ಏಡನ್‌ಗೆ ಹೋದರು, 1883ರಲ್ಲಿ ಅಲ್ಲೇ ತೀರಿಕೊಂಡರು.

ಕಾಕಾ ಅದಕ್ಕೂ ಮುಂಚೆ, 1880ರ ಜುಲೈನಲ್ಲಿ, ಐವತ್ತೆರಡರಲ್ಲೇ ಹೊರಟುಹೋಗಿದ್ದರು. ಅದೇ ಜುಲೈನಲ್ಲಿ ವಿಜಾಪುರದಲ್ಲೊಂದು ಮಗು ಹುಟ್ಟಿತು. ಅದು ಬೆಳೆದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿತು, ಕಾನೂನು ಪಾಸು ಮಾಡಿತು, ಧಾರವಾಡದಲ್ಲಿ ವಕೀಲಿ ಹಲಗೆ ತೂಗುಹಾಕಿತು, ಆಮೇಲೆ ಕೇಸುಗಳನ್ನು ಬಿಟ್ಟು ಕರ್ನಾಟಕದ ಏಕೀಕರಣವೆಂಬ ಒಂದೇ ಕೇಸನ್ನು ಜೀವಮಾನವಿಡೀ ನಡೆಸಿತು. ಆಲೂರ ವೆಂಕಟರಾಯರು. ನಾನು ಪುನರ್ಜನ್ಮದ ವಾದ ಹೂಡುತ್ತಿಲ್ಲ. ತಾರೀಖು ನೋಡಿದರೆ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ಊರು ಒಮ್ಮೆ ವಕಾಲತ್ತು ಬರೆದುಕೊಟ್ಟರೆ ಅದಕ್ಕೆ ಮುದ್ದತ್ತಿಲ್ಲ ಎಂದಷ್ಟೇ ನನ್ನ ಅಹವಾಲು. ಒಬ್ಬ ವಕೀಲ ಹೋದರೆ ಇನ್ನೊಬ್ಬನನ್ನು ಅದು ತಾನೇ ಹಿಡಿದುಕೊಳ್ಳುತ್ತದೆ. ಖರ್ಚು ಯಥಾಪ್ರಕಾರ ಅವರ ಮನೆಯವರ ಮೇಲೆ.