ಹಣೆಬರಹ ಬೇರೆ ಸ್ವಾಮಿ: ಹಳೆಯ ಫೈಲೊಂದರ ಸಂದರ್ಶನ

ತಾಲ್ಲೂಕು ಸಾಹಿತ್ಯ ಸಮ್ಮೇಳನವೊಂದರ ಸ್ಮರಣ ಸಂಚಿಕೆಗಾಗಿ 2004ರಲ್ಲಿ ಡಿಟಿಪಿ ಅಂಗಡಿಯಲ್ಲಿ ಹುಟ್ಟಿದ ವರ್ಡ್ ಫೈಲು ಇದು. ಅಂದಿನಿಂದ ಸಿ.ಡಿ.ಯಲ್ಲಿ ಮಲಗಿತ್ತು. ಈಚೆಗೆ ಎಬ್ಬಿಸಿದರೆ ತೆರೆದುಕೊಳ್ಳದೆ ಹಟ ಹಿಡಿದಿದೆ ಎಂದು ಸಮ್ಮೇಳನ ಸಮಿತಿ ದೂರಿದ್ದರಿಂದ ಈ ಭೇಟಿ.

ಪ್ರಶ್ನೆ: ಯಾಕೆ ಈ ಮುನಿಸು?

ಫೈಲು: ಮೊದಲು ನನ್ನ ಹೆಸರಿಗೆ ಏನು ಮಾಡಿದರು ಕೇಳಿ. ನಾನು ‘ಡಾಕ್’. ಹೊಸ ಕಂಪ್ಯೂಟರಿಗೆ ಹೊಸ ಹೆಸರಿರಲಿ ಎಂದು ಕಾರ್ಯದರ್ಶಿಗಳು ಎಫ್2 ಒತ್ತಿ ಕೊನೆಗೊಂದು ‘ಎಕ್ಸ್’ ಅಂಟಿಸಿದರು. ಹೆಸರು ನಂಬಿ ಬಂದ ವರ್ಡ್, ಒಳಗೆ ಬೇರೆ ಆಸಾಮಿಯನ್ನು ಕಂಡು ಬಾಗಿಲು ಹಾಕಿಕೊಂಡಿತು.

ಪ್ರಶ್ನೆ: ಒಂದಕ್ಷರಕ್ಕೆ ಇಷ್ಟು ರಂಪವೇ?

ಫೈಲು: ಹಣೆಬರಹ ಬೇರೆ ಸ್ವಾಮಿ! 2007ರ ವರ್ಡ್ ತಂದ ಡಾಕ್ಸ್ ನಿಜವಾಗಿ ಒಂದು ಜಿಪ್ ಗಂಟು. ಅದರ ಹಣೆಯ ಮೇಲೆ, ಅಂದರೆ ಫೈಲಿನ ಮೊದಲ ಬೈಟುಗಳಲ್ಲಿ, ‘ಪಿಕೆ’ ಎಂದಿರುತ್ತದೆ, ಜಿಪ್ ರೂಪಿಸಿದ ಫಿಲ್ ಕಾಟ್ಜ್ ಹೆಸರಿನ ಮೊದಲಕ್ಷರಗಳು. ನನ್ನ ಹಣೆಯಲ್ಲಿರುವುದು ‘ಡಿ0 ಸಿಎಫ್ 11 ಇ0’. ಎಫ್2 ಒತ್ತಿದರೆ ಅದು ಅಳಿಸುವುದಿಲ್ಲ.

ಪ್ರಶ್ನೆ: ಈಗ ಹಳೆಯ ಹೆಸರು ವಾಪಸು ಕೊಟ್ಟಿದ್ದಾರಲ್ಲ.

ಫೈಲು: ನಾನೂ ತೆರೆದುಕೊಂಡಿದ್ದೇನಲ್ಲ!

ಪ್ರಶ್ನೆ: ಏನು ತೆರೆದಿರಿ? ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಗುರುತು, ಜರ್ಮನ್ನರದೊಂದು ಅಕ್ಷರ...

ಫೈಲು: ‘ಕನ್ನಡ’ ಎಂದು ಬರೆದಿದೆ. ನುಡಿ ಫಾಂಟ್ ಹಾಕಿಕೊಂಡು ನೋಡಿ. ಆಗ ನಮಗೆ ಸ್ವಂತ ಸೈಟಿರಲಿಲ್ಲ. ಯುರೋಪಿನ ಅಕ್ಷರಗಳ ಮನೆಯಲ್ಲೇ ಬಾಡಿಗೆಗಿದ್ದೆವು. ‘ನ’ ಬೇಕಾದರೆ ಪೌಂಡ್ ಗುರುತಿನ ಜಾಗಕ್ಕೆ ಅದರ ಚಿತ್ರ ಕೂರಿಸುತ್ತಿದ್ದರು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರ ಹೋಗಿ ಪೌಂಡ್ ಉಳಿಯಿತು, ಅಷ್ಟೇ.

ಪ್ರಶ್ನೆ: ಯೂನಿಕೋಡ್ ಆಗಲೇ ಬಂದಿತ್ತಲ್ಲವೇ?

ಫೈಲು: 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸೈಟು ಮಂಜೂರಾಗಿತ್ತು. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟೂ ಬಂದಿತ್ತು. ಆದರೆ ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ಗೊತ್ತಿರಲಿಲ್ಲ, ಡಿಟಿಪಿಯವರು ಪೇಜ್‌ಮೇಕರ್ ಬಿಡುವ ಹಾಗಿರಲಿಲ್ಲ. (ಇದು ನಿಜ. ಆ ಕಾಲದ ಮದುವೆ ಕಾಗದದಿಂದ ಮಹಾಕಾವ್ಯದವರೆಗೆ ಬಹುಪಾಲು ಅಚ್ಚಾದದ್ದು ಹೀಗೆಯೇ.)

ಪ್ರಶ್ನೆ: ಶ್ರೀಲಿಪಿ ಫಾಂಟ್ ಹಾಕಿಯೂ ನೋಡಿದರಂತೆ?

ಫೈಲು: ಅವರ ಸಂಕೇತವೇ ಬೇರೆ. ಗೋಜಲು ಹೋಗಿ ಇನ್ನೊಂದು ಬಗೆಯ ಗೋಜಲು ಬಂತು.

ಪ್ರಶ್ನೆ: ಯೂನಿಕೋಡಿಗೆ ಪರಿವರ್ತಿಸಬಹುದಲ್ಲ?

ಫೈಲು: ಮಾಡಿದರು. ನನ್ನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಹಿಂದೆ ಕೂರುತ್ತದೆ; ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಅರೆಬರೆ ಪರಿವರ್ತಕಕ್ಕೆ ಇದು ತಿಳಿಯದೆ ಕಾರ್ಯದರ್ಶಿಗಳು ‘ಕಾಯರ್ದಶಿರ್’ ಆಗಿಬಿಟ್ಟರು. ದಾನಿಗಳ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿದ್ದ ಎಂಬಿಬಿಎಸ್ ಅನ್ನೂ ಅದು ಕನ್ನಡವೆಂದೇ ತಿಳಿದು ತಿರುಗಿಸಿತು. ವೈದ್ಯರ ಹೆಸರಿನ ಮುಂದೆ ಈಗಿರುವ ಪದವಿಯನ್ನು ಯಾವ ವಿಶ್ವವಿದ್ಯಾಲಯವೂ ಕೊಡುವುದಿಲ್ಲ.

ಪ್ರಶ್ನೆ: ಇಷ್ಟು ವರ್ಷದ ಮೇಲೆ ಇವರಿಗೇನು ಅವಸರ?

ಫೈಲು: ಈ ಸಲದ ಸಮ್ಮೇಳನಕ್ಕೆ ನಿರ್ಣಯಗಳು ಬೇಕಂತೆ. ನನ್ನ ಕೊನೆಯ ಪುಟದಲ್ಲಿವೆ. ದಿನಾಂಕ ಬದಲಿಸಿದರೆ ಆಯಿತಲ್ಲ. ಮೊದಲನೆಯದು: ‘ಗಣಕಯಂತ್ರದಲ್ಲಿ ಕನ್ನಡ ಎಲ್ಲರಿಗೂ ಓದಲು ಸಿಗುವಂತೆ ಸರ್ಕಾರ ಕೂಡಲೇ ಕ್ರಮ ಕೈಗೊಳ್ಳಬೇಕು.’

ಪ್ರಶ್ನೆ: ಓದುಗರಿಗೆ ಏನಾದರೂ ಹೇಳುವಿರಾ?

ಫೈಲು: ಫೈಲು ಸೊನ್ನೆ ಕೆಬಿ ಎಂದು ತೋರಿಸಿದರೆ ಬಾಗಿಲು ಬಡಿಯಬೇಡಿ, ಒಳಗೆ ಯಾರೂ ಇಲ್ಲ. ಉಳಿದವರನ್ನು ಮೊದಲು ನಕಲು ಮಾಡಿಕೊಳ್ಳಿ, ಪ್ರಯೋಗವೆಲ್ಲ ನಕಲಿನ ಮೇಲೆ ನಡೆಯಲಿ. ಮನೆಯಲ್ಲಿ ಅಪ್ಪನದೋ ಅಜ್ಜನದೋ ಬರವಣಿಗೆ ಹಳೆಯ ಫಾಂಟಿನಲ್ಲಿದ್ದರೆ, ಅದನ್ನು ಬಲ್ಲ ಡಿಟಿಪಿಯವರು ಅಂಗಡಿ ಮುಚ್ಚುವ ಮೊದಲೇ ಯೂನಿಕೋಡಿಗೆ ತಂದು, ಒಂದು ಸಲ ಕರಡು ತಿದ್ದಿಸಿ ಇಟ್ಟುಕೊಳ್ಳಿ.