ಇಪ್ಪತ್ತೇಳೂವರೆ ಇಂಚಿಗೊಂದು ಬಿನ್ನವತ್ತಳೆ

ವೇದಿಕೆಯ ಮೇಲೆ ಆಸೀನರಾಗಿರುವ, ಅಂದರೆ ಸೋಫಾದಲ್ಲಿ ಜಾಗ ಸಿಕ್ಕಿರುವ ಗಣ್ಯರೇ, ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿರುವ ಸಭಿಕರೇ, ಒಗ್ಗರಣೆಯ ವಾಸನೆಗೆ ಆಗಲೇ ಅಡುಗೆಮನೆಯ ಕಡೆ ಮುಖ ಮಾಡಿರುವ ಮಹನೀಯರೇ,

ಬಾಸ್ಟನ್ ಸುತ್ತಲಿನ ನಾಲ್ಕಾರು ಕನ್ನಡದ ಮನೆಯವರು ಈ ಸಂಜೆ ಸೇರಿರುವುದು ಮಹಿಳೆಯರ ಫ್ಲೈ ಫಿಶಿಂಗ್ ಕ್ಲಬ್ಬಿಗೆ ಸೇರಿರುವ ನಮ್ಮ ಮೂವರು ಹೆಣ್ಣುಮಕ್ಕಳನ್ನು ಸನ್ಮಾನಿಸುವುದಕ್ಕೆ. ಇವರು ಕಳೆದ ಶನಿವಾರ ಕ್ಲಬ್ಬಿನ ಜೊತೆ ಕೇಪ್ ಕಾಡ್ ಕರಾವಳಿಗೆ ದಂಡೆತ್ತಿ ಹೋಗಿ, ಭಾನುವಾರ ರಾತ್ರಿ ಒಂದು ಮೀನನ್ನೂ ತಾರದೆ ವಿಜಯಶಾಲಿಗಳಾಗಿ ಮರಳಿದ್ದಾರೆ. ಗಂಡಂದಿರ ಪರವಾಗಿ ಬಿನ್ನವತ್ತಳೆ ಓದುವ ಭಾಗ್ಯ ನನಗೆ ದೊರೆತಿದೆ. ಚೀಟಿ ಎತ್ತಿದಾಗ ನನ್ನ ಹೆಸರೇ ಬಂತು, ಬೇರೆ ಅರ್ಹತೆ ಏನೂ ಇಲ್ಲ.

ಎಲೈ ಸಾಗರಗಾಮಿನಿಯರೇ!

ನಮ್ಮೂರ ಕೆರೆ ಏರಿಯ ಮೇಲೆ ಗಾಳ ಹಾಕುವವನಿಗೆ ಒಂದು ಕೋಲು, ಒಂದು ಎರೆಹುಳ, ಒಂದು ಬೀಡಿ ಸಾಕಿತ್ತು. ನಿಮಗೆ ಹುಳ ನಿಷಿದ್ಧ. ಜಿಂಕೆಬಾಲದ ಕೂದಲು, ಮಿಂಚುವ ಎಳೆ, ಸೀಸದ ಎರಡು ಕಣ್ಣು ಇವನ್ನೆಲ್ಲ ಕೊಕ್ಕೆಗೆ ನೂಲಿನಲ್ಲಿ ಬಿಗಿದು, ಇಲ್ಲದ ಮೀನೊಂದನ್ನು ಸೃಷ್ಟಿಸಿ, ಅದಕ್ಕೆ ಫ್ಲೈ ಎಂದು ಹೆಸರಿಟ್ಟು, ಇರುವ ಮೀನಿಗೆ ತೋರಿಸುತ್ತೀರಿ. ಅದನ್ನು ದೂರಕ್ಕೆ ಒಯ್ಯುವುದು ಕೊಕ್ಕೆಯ ಭಾರವಲ್ಲ, ದಾರದ ಭಾರ. ಆದ್ದರಿಂದ ಒಂಬತ್ತು ಅಡಿಯ ಕೋಲು ಹಿಡಿದು ದಾರವನ್ನೇ ಹಿಂದಕ್ಕೆ ಮುಂದಕ್ಕೆ ಬೀಸುತ್ತೀರಿ. ಎದುರುಗಾಳಿ ಇದ್ದರೆ ಕೊಕ್ಕೆ ನಿಮ್ಮ ಟೋಪಿಯನ್ನೇ ಹಿಡಿಯುತ್ತದೆ. ಹಿಡಿದ ಮೀನಿನ ಹಾಗೆ ಟೋಪಿಯನ್ನೂ ನೀವು ಬಿಟ್ಟುಬಿಡುತ್ತೀರಿ.

ಎಳೆದುಕೊಂಡ ದಾರ ಅಲೆಗೆ ಸಿಕ್ಕಿ ಗೋಜಲಾಗಬಾರದೆಂದು ಸೊಂಟದ ಮುಂದೆ ಒಂದು ಬುಟ್ಟಿ ಬೇಕಂತೆ. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ. ಆದರೆ ಇಲ್ಲಿನ ಪಳಗಿದವರು ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಟಬ್ಬಿಗೆ ತೂತು ಕೊರೆದು, ರಬ್ಬರ್ ಹಗ್ಗ ಪೋಣಿಸಿ ಕಟ್ಟಿಕೊಳ್ಳುತ್ತಾರೆ. ನಮ್ಮ ಸಿಂಕಿನ ಟಬ್ಬು ಎಲ್ಲಿ ಹೋಯಿತೆಂದು ನನಗೆ ತಿಳಿದದ್ದು ಫೋಟೋ ನೋಡಿದ ಮೇಲೆ. ಹೆಂಗಸರನ್ನು ಅಡುಗೆಮನೆಯಿಂದ ಬಿಡುಗಡೆ ಮಾಡಬೇಕೆಂದು ಭಾಷಣ ಮಾಡಿದ ಗಂಡಸರು ನೂರಾರು. ಅಡುಗೆಮನೆಯ ಟಬ್ಬನ್ನೇ ಸೊಂಟಕ್ಕೆ ಕಟ್ಟಿಕೊಂಡು ಅಟ್ಲಾಂಟಿಕ್ ಸಾಗರಕ್ಕೆ ಇಳಿದವರು ನೀವು.

ಇಳಿದದ್ದೂ ಸುಮ್ಮನೆ ಅಲ್ಲ. ಬ್ರೂಸ್ಟರ್ ಊರಿನ ಮುಂದೆ ಇಳಿತದ ಹೊತ್ತಿಗೆ ಕಡಲು ಮೈಲಿಯಷ್ಟು ಹಿಂದೆ ಸರಿದು ಮರಳ ಬಯಲು ತೆರೆದುಕೊಳ್ಳುತ್ತದೆ. ನಡೆದು ಹೋಗುವಾಗ ಹಿತವಾಗಿರುತ್ತದೆ. ಉಬ್ಬರ ಶುರುವಾದಾಗ ಮಾತ್ರ ನೀರು ಎದುರಿನಿಂದಷ್ಟೇ ಬರುವುದಿಲ್ಲ, ತಗ್ಗುಗಳಲ್ಲಿ ಹರಿದು ಬೆನ್ನ ಹಿಂದೆಯೂ ತುಂಬಿಕೊಳ್ಳುತ್ತದೆ. ಮಂಜು ಕವಿದರೆ ದಡ ಯಾವ ಕಡೆಗಿದೆ ಎಂಬುದೇ ಹೊಳೆಯದು, ದಿಕ್ಸೂಚಿ ಬೇಕು. ರಾಹುಕಾಲಕ್ಕೆ ಎಂದೂ ಸೊಪ್ಪು ಹಾಕದ ನಮ್ಮ ಮನೆಯವರು ಈಗ ಫ್ರಿಡ್ಜಿನ ಮೇಲೆ ಉಬ್ಬರವಿಳಿತದ ಪಟ್ಟಿ ಅಂಟಿಸಿ, ಅದನ್ನು ನೋಡದೆ ಮಾತು ಕೊಡುವುದಿಲ್ಲ.

ಎಲೈ ಸತ್ಯಸಂಧೆಯರೇ!

ಇಲ್ಲಿಂದ ಮುಂದೆ ಇದು ಅಭಿನಂದನೆಯೋ ಆರೋಪಪಟ್ಟಿಯೋ ನೀವೇ ತೀರ್ಮಾನಿಸಿ. ಭಾನುವಾರ ಬೆಳಗ್ಗೆ ನಿಮ್ಮಲ್ಲೊಬ್ಬರಿಗೆ ಮೈತುಂಬ ಕಪ್ಪು ಪಟ್ಟೆಯ ಸ್ಟ್ರೈಪ್ಡ್ ಬಾಸ್ ಸಿಕ್ಕಿತು. ಮ್ಯಾಸಚೂಸೆಟ್ಸ್ ಕಾನೂನಿನ ಪ್ರಕಾರ ಮನೆಗೆ ಒಯ್ಯಬೇಕಾದರೆ ಆ ಮೀನು ಕನಿಷ್ಠ 28 ಇಂಚಿರಬೇಕು, 31 ಇಂಚು ಮುಟ್ಟಿರಬಾರದು, ದಿನಕ್ಕೆ ಒಬ್ಬರಿಗೆ ಒಂದೇ. ನೀವು ಟೇಪು ಹಿಡಿದಿರಿ. ಇಪ್ಪತ್ತೇಳೂವರೆ ಬಂತು. ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಹಿರಿಯರೊಬ್ಬರು, “ಇಪ್ಪತ್ತೆಂಟು ಅಂತಲೇ ಹೇಳಿ, ಮೀನೇನೂ ಬೇಜಾರು ಮಾಡಿಕೊಳ್ಳಲ್ಲ” ಎಂದರಂತೆ. ಅರ್ಧ ಇಂಚು ಸೇರಿಸಿದ್ದರೆ, ಮನೆಗೆ ತರಬಹುದಾಗಿತ್ತು, ದೊಡ್ಡ ಮನಸ್ಸು ಮಾಡಿ ಬಿಟ್ಟೆ ಎಂದು ಹೇಳಿಕೊಳ್ಳುವ ಅವಕಾಶವಿತ್ತು. ಹಿರಿಮೆ, ದಯೆ ಎರಡನ್ನೂ ಕಳೆದುಕೊಂಡು ನೀವು ಇಪ್ಪತ್ತೇಳೂವರೆ ಎಂದೇ ಬರೆದುಕೊಂಡಿರಿ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡಳು. ನೀವು ಟೇಪಿನ ಮಾತು ಉಳಿಸಿಕೊಂಡಿರಿ. ಸಾವಿರಾರು ವರ್ಷಗಳಿಂದ ಗಂಡಸರು ಎರಡು ಕೈ ಅಗಲಿಸಿ ತೋರಿಸುತ್ತ ಕಟ್ಟಿ ಬೆಳೆಸಿದ ಸಂಸ್ಥೆಯೊಂದು ಇದರಿಂದ ಅಲ್ಲಾಡಿದೆ.

ಗಂಡಸರ ಈ ಸಂಸ್ಥೆಯ ವಿರುದ್ಧ ಹೆಂಗಸರ ಪಿತೂರಿ ಇಂದು ನೆನ್ನೆಯದೂ ಅಲ್ಲ. 1922ರಲ್ಲಿ ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಜಾರ್ಜೀನಾ ಬ್ಯಾಲಂಟೈನ್ 64 ಪೌಂಡಿನ ಸಾಲ್ಮನ್ ಹಿಡಿದರು. ದೋಣಿಯ ಹುಟ್ಟು ಹಾಕುತ್ತಿದ್ದವರು ಅವರ ತಂದೆ. ಮೀನಿನ ಜೊತೆ ಎರಡು ಗಂಟೆಗೂ ಮೀರಿ ಗುದ್ದಾಟ. ಪರ್ತ್ ಪಟ್ಟಣದ ಅಂಗಡಿಯ ಗಾಜಿನ ಹಿಂದೆ ಅದನ್ನು ಪ್ರದರ್ಶನಕ್ಕಿಟ್ಟಾಗ ಗುಂಪಿನಲ್ಲಿ ಆಕೆಯೂ ನಿಂತಿದ್ದರು. ಇಷ್ಟು ದೊಡ್ಡ ಮೀನನ್ನು ಹೆಂಗಸು ಎಳೆದಳೇ, ಬರೀ ಸುಳ್ಳು ಎಂದು ಮುದುಕನೊಬ್ಬ ತೀರ್ಪು ಕೊಟ್ಟದ್ದನ್ನು ಅವರೇ ಹೇಳಿಕೊಂಡಿದ್ದಾರೆ. ತಕ್ಕಡಿ ಮುದುಕನ ಮಾತು ಕೇಳಲಿಲ್ಲ. ಬ್ರಿಟನ್ನಿನಲ್ಲಿ ಕೋಲಿನಿಂದ ಹಿಡಿದ ಸಾಲ್ಮನ್‌ಗಳಲ್ಲಿ ಇಂದಿಗೂ ಅದೇ ದೊಡ್ಡದು. ಅದು ಫ್ಲೈ ಕಟ್ಟಿ ಹಿಡಿದದ್ದಲ್ಲ ಎಂದು ಯಾರಾದರೂ ತಕರಾರು ತೆಗೆಯುವ ಮೊದಲೇ ಹೇಳಿಬಿಡುತ್ತೇನೆ: ಫ್ಲೈ ದಾಖಲೆ 1924ರಲ್ಲಿ ಡೆವರನ್ ನದಿಯಲ್ಲಿ ಹಿಡಿದ 61 ಪೌಂಡಿನದು, ಹಿಡಿದವರು ಶ್ರೀಮತಿ ಮಾರಿಸನ್. ಇಲ್ಲಿಗೆ ಹತ್ತಿರದ ಮೇಯ್ನ್ ರಾಜ್ಯ 1897ರಲ್ಲಿ ಬೇಟೆ, ಮೀನುಗಾರಿಕೆಯ ಮಾರ್ಗದರ್ಶಿಗಳಿಗೆ ಲೈಸೆನ್ಸ್ ಕೊಡಲು ಶುರುಮಾಡಿದಾಗ ಮೊದಲನೆಯದು ಹೋದದ್ದು ಕಾರ್ನೀಲಿಯಾ ಕ್ರಾಸ್ಬಿ ಎಂಬಾಕೆಗೆ. ಇಷ್ಟೆಲ್ಲ ಆದಮೇಲೂ ನೀರಿಗಿಳಿಯುವಾಗ ತೊಡುವ ವೇಡರ್ ಎಂಬ ಉಡುಪನ್ನು ಹೆಂಗಸರ ಅಳತೆಗೂ ಹೊಲಿಯಬೇಕೆಂದು ಕಂಪನಿಗಳಿಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಹೆಂಗಸರು ಗಂಡಂದಿರ ದೊಗಳೆ ವೇಡರಿನಲ್ಲಿಯೇ ನೀರಿಗಿಳಿದರು.

ಮೈಸೂರಿನಿಂದ ನಮ್ಮ ತಾಯಿ ಭಾನುವಾರವೇ ಸೊಸೆಗೆ ಫೋನ್ ಮಾಡಿದ್ದರು. “ಏನಮ್ಮಾ, ಮೀನು ಹಿಡಿಯೋಕೆ ಹೋಗಿದ್ಯಂತೆ? ಮೊಟ್ಟೇನೂ ಒಳಗೆ ಬಾರದ ಮನೆ ನಮ್ದು. ನಿಜವಾಗ್ಲೂ ಹಿಡಿದ್ಯಾ?”

“ಹಿಡಿದುಬಿಟ್ಟೆ ಅತ್ತೆ.”

ಸುಳ್ಳಿಲ್ಲ, ಆಚಾರಕ್ಕೂ ಭಂಗವಿಲ್ಲ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಅಮುಕಿ, ಮೀನನ್ನು ನೀರಿನಲ್ಲಿಯೇ ನೆಟ್ಟಗೆ ಹಿಡಿದುಕೊಂಡು, ಅದು ತಾನಾಗಿ ಬಾಲ ಬಡಿದು ಹೋಗುವವರೆಗೂ ಕಾಯುವ ಈ ಆಟ ಸಸ್ಯಾಹಾರಿಗಳಿಗೆಂದೇ ಹುಟ್ಟಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದಕಾರಣ ನಿಮಗೆ ಈ ಶಾಲು, ಈ ಪೇಟ, ತಲಾ ಎರಡು ಬಾಳೆಹಣ್ಣು, ಸ್ಮರಣಿಕೆಯಾಗಿ ತಲಾ ಒಂದು ಟೇಪು ಅರ್ಪಿಸುತ್ತಿದ್ದೇವೆ. ಅದರಲ್ಲಿ ಇಂಚುಗಳು ಎಲ್ಲರ ಟೇಪಿನಲ್ಲಿರುವಷ್ಟೇ ಉದ್ದವಿವೆ. ಸ್ವೀಕರಿಸಬೇಕು.

ಕೊನೆಯದಾಗಿ ಒಂದು ಪ್ರಕಟಣೆ. ಯಾರ ಸೊಂಟದ ಟಬ್ಬು ಕಾರಿನ ಡಿಕ್ಕಿಯಲ್ಲಿದೆಯೋ ಅವರು ದಯವಿಟ್ಟು ಸಿಹಿನೀರಿನಲ್ಲಿ ಉಪ್ಪು ತೊಳೆದು ಅಡುಗೆಮನೆಗೆ ತಲುಪಿಸಬೇಕು. ಊಟದ ನಂತರ ತಟ್ಟೆ ತೊಳೆಯುವ ಸರದಿ ಗಂಡಸರದು.