ಕಲ್ಯಾಣದುರ್ಗದ ಅವಿಭಾಜ್ಯತೆ: ಒಂದು ಪಿನ್‌ಕೋಡ್ ಮೀಮಾಂಸೆ

ಪಿನ್‌ಕೋಡ್ ಇರುವುದು ಕಾಗದ ತಲುಪಿಸುವುದಕ್ಕೆ ಎಂದು ಅಂಚೆ ಇಲಾಖೆ 1972ರ ಆಗಸ್ಟ್ 15ರಿಂದಲೂ ನಂಬಿಕೊಂಡು ಬಂದಿದೆ. ಆ ಮತವನ್ನು ಖಂಡಿಸಿ, ಪಿನ್‌ಕೋಡೇ ಊರಿನ ಜಾತಕವೆಂದು ಸ್ಥಾಪಿಸುವುದು ಈ ಪ್ರಬಂಧದ ಉದ್ದೇಶ.

ಆಂಧ್ರದ ಅನಂತಪುರ ಜಿಲ್ಲೆಯ ಕಲ್ಯಾಣದುರ್ಗದ ಸಂಖ್ಯೆ 515761. ಇದರ ವರ್ಗಮೂಲ 718 ಚಿಲ್ಲರೆ. ಅಲ್ಲಿಯವರೆಗಿನ 127 ಅವಿಭಾಜ್ಯಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. 2, 3, 5, 7 ಈ ನಾಲ್ವರಿಗಂತೂ ತಪ್ಪಿದ್ದು ಬರೀ ಒಂದರಿಂದ. ಆದಕಾರಣ ಇದು ಅವಿಭಾಜ್ಯ. ನೆರೆಯವರ ಗತಿ ನೋಡಿ: ಅನಂತಪುರ (515001), ಮಡಕಶಿರ (515301) ಮೂರರ ಪಾಲು, ರಾಯದುರ್ಗ (515865) ಐದರ ಪಾಲು, ಪುಟ್ಟಪರ್ತಿ (515134) ಎರಡಕ್ಕೇ ಶರಣು.

ಹಿಂದೂಪುರದ 515201 ಮಾತ್ರ ಮೊದಮೊದಲು ಭಾರೀ ಗಟ್ಟಿಯಾಗಿ ಕಾಣುತ್ತದೆ. 97ರವರೆಗೆ ಯಾರಿಗೂ ಬಗ್ಗುವುದಿಲ್ಲ. ಕೊನೆಗೆ ಸೋಲುವುದು 101ಕ್ಕೆ, ಅಂದರೆ ಮದುವೆಮನೆಯ ಮುಯ್ಯಿಗೆ! 101 × 5101 = 515201. ಫಲ? 2022ರ ಏಪ್ರಿಲ್ 4ರಂದು ಅನಂತಪುರ ಜಿಲ್ಲೆ ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲಾಕೇಂದ್ರದ ಪಟ್ಟ ಬೇಕೆಂದು ಊರು ಹಟ ಹಿಡಿದರೂ ಅದು ಪುಟ್ಟಪರ್ತಿಗೆ ದಕ್ಕಿತು. ಅವಿಭಾಜ್ಯ ಕಲ್ಯಾಣದುರ್ಗ ಇದ್ದಲ್ಲೇ ಇದೆ.

ಪೂರ್ವಪಕ್ಷ: ಮಡಕಶಿರವೂ ಹೋಯಿತು ಸರಿ, ಆದರೆ ರಾಯದುರ್ಗ ಭಾಜ್ಯವಾಗಿಯೂ ಉಳಿಯಿತಲ್ಲ? ಸಮಾಧಾನ: ಅಪವಾದವಿಲ್ಲದ ಶಾಸ್ತ್ರ ಶಾಸ್ತ್ರವೇ ಅಲ್ಲ.

ಪೂರ್ವಪಕ್ಷ: ಆರಂಕಿಯದು ದೊಡ್ಡ ಅವಿಭಾಜ್ಯವೇ? 2024ರಲ್ಲಿ ಸಿಕ್ಕಿದ್ದಕ್ಕೆ 4,10,24,320 ಅಂಕಿಗಳಿವೆ. ಸಮಾಧಾನ: ಇರಲಿ, ಅದನ್ನು ಇನ್‌ಲ್ಯಾಂಡ್ ಲೆಟರಿನ ಮೇಲೆ ಬರೆದು ತೋರಿಸಿ.

ಇನ್ನು ಲಕ್ಷಣಗಳು. ನಾಲ್ಕರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. ಫರ್ಮಾ ಹೇಳಿಟ್ಟ, ಆಯ್ಲರ್ ಸಾಧಿಸಿಕೊಟ್ಟ ಮಾತು ಇದು. ಅದರಂತೆ 515761 = 680² + 231². ಕಲ್ಯಾಣದುರ್ಗದಲ್ಲಿ ಲೇಔಟ್ ಮಾಡುವವರು ಗಮನಿಸಬೇಕು: ಎರಡೇ ಚೌಕ, ಮೂಲೆ ಸೈಟಿಗೆ ಅವಕಾಶವಿದೆ, ನಕ್ಷೆ ಬದಲಿಸಲು ಇಲ್ಲ. ಈ ಸಂಖ್ಯೆಗೆ ಅವಳಿಯೂ ಇಲ್ಲ. ಎರಡು ಮೇಲಿನ 515763ನ್ನು ಮೂರು ನುಂಗುತ್ತದೆ. ಎರಡು ಕೆಳಗಿನ 515759 ಎಂಬುದು 317 × 1627. ಹುಬ್ಬಳ್ಳಿಗೆ ಧಾರವಾಡವಿದ್ದಂತೆ ಇದಕ್ಕೊಂದು ಜೊತೆ ಹುಡುಕುವ ಶ್ರಮ ವ್ಯರ್ಥ.

ಈಗ ಮುಖ್ಯ ಪ್ರಮೇಯ. ಕಲ್ಯಾಣದುರ್ಗದಿಂದ ಹಿಂದೂಪುರವನ್ನು ಕಳೆಯಿರಿ: 515761 − 515201 = 560. ಬೆಂಗಳೂರಿನ ಪಿನ್‌ಕೋಡ್ ಶುರುವಾಗುವುದೇ 560ರಿಂದ! ಎರಡೂರಿನ ಜನ ಕೆಲಸ ಹುಡುಕಿಕೊಂಡು ಎತ್ತ ಹೋಗುತ್ತಾರೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ? ಇದಕ್ಕೆ ಪೂರ್ವಪಕ್ಷಿಯಿಂದ ಆಕ್ಷೇಪ ಬಂದಿಲ್ಲ. ಆತ ಹಿಂದೂಪುರ ಸ್ಟೇಷನ್ನಿನಲ್ಲಿ ಬೆಂಗಳೂರಿಗೆ ಟಿಕೆಟ್ ತೆಗೆಸುತ್ತಿದ್ದಾನೆ.